ಮೂರುಕಾಲು

ಉಸ್ಮಾನ್ ಬ್ಯಾರಿಯ ಮೋಟಾರ್ ರಿಪೇರಿ ಅಂಗಡಿಯಲ್ಲಿ ಪುಲ್ಲರಿಗೆ ‘ಮೂರುಕಾಲು’ ಎಂದೇ ಹೆಸರು. ಶಾಫ್ಟಿಗೆ ಕಚ್ಚಿಕೊಂಡದ್ದನ್ನು ಮೂರು ಕಡೆಯಿಂದ ಹಿಡಿದು ಎಳೆಯುವ ಆ ಸಾಧನ ಇವತ್ತು ಕಾಣುತ್ತಿರಲಿಲ್ಲ. ಮಗಳು ಫಾಯಿಝಾಳೇ ಅದನ್ನು ತನ್ನ ಮೂಲೆಯ ತಾಮ್ರದ ತಂತಿಯ ಉರುಳೆಗಳ ಹಿಂದೆ ಅಡಗಿಸಿದ್ದಳು.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಂದಿನಿಂದ ಅವಳು ಆ ಮೂಲೆಯಲ್ಲಿ ಕಾಯಿಲ್ ಸುತ್ತುತ್ತಿದ್ದಳು. ಉಪ್ಪ, ಅಂದರೆ ಅಪ್ಪ, ಕೈ ಚಾಚುವ ಮೊದಲೇ ಬೇಕಾದ ಸ್ಪ್ಯಾನರ್ ಅವನ ಕೈಯಲ್ಲಿರುತ್ತಿತ್ತು. ಆಮೇಲೆ ಹೊರದೇಶದಲ್ಲಿ ದುಡಿಯುವ ಅಣ್ಣನ ಹೆಂಡತಿಯಾಗಿ ರಮ್ಲಾ ಬಂದಳು, ಐಟಿಐ ಕಲಿತವಳು. ಮದರಂಗಿ ಮಾಸುವ ಮೊದಲೇ ಉಪ್ಪನ ಬಾಯಲ್ಲಿ ಬರೀ “ರಮ್ಲಾ, ಇದು ನೋಡು ಮಗಳೇ.” ನಾಳೆ ಉಪ್ಪನಿಗೆ ಕಣ್ಣಿನ ಆಪರೇಷನ್. ಅಂಗಡಿಯ ಬೀಗದ ಕೈ ಯಾರಿಗೆ ಎಂದು ಇವತ್ತು ಹೇಳುವವನಿದ್ದ.

ಬಂದರಿನ ಬೂಬ ತಂದದ್ದು ಮೀನಿಗೆ ಹಾಕುವ ಐಸ್ ಪುಡಿ ಮಾಡುವ ಮೆಷಿನಿನ ಮೋಟಾರ್. ಬೇರಿಂಗ್ ಹೋಗಿತ್ತು. ಅದಕ್ಕಿಂತ ಮೊದಲು ಕಳಚಬೇಕಾದ ಪುಲ್ಲಿ, ಬೆಲ್ಟ್ ಓಡುವ ಚಕ್ರ, ಉಪ್ಪುನೀರಿಗೆ ತುಕ್ಕು ಹಿಡಿದು ಶಾಫ್ಟಿಗೆ ಅಂಟಿಕೊಂಡಿತ್ತು.

“ಎಂತ ಬ್ಯಾರಿ, ಆಗ್ತದಾ ಇಲ್ವಾ? ಅಲ್ಲಿ ಮೀನು ನನಗೆ ಬೈತಾ ಉಂಟು,” ಎಂದ ಬೂಬ.

“ಮೂರುಕಾಲು ಸಿಗ್ತಾ ಇಲ್ಲ ಮಾರಾಯ.”

“ಕಾಲು ಮೂರು ಉಂಟಲ್ಲ, ಕಂಕನಾಡಿ ಮಾರ್ಕೆಟಿಗೆ ಹೋಗಿರಬೇಕು.”

ಫಾಯಿಝಾ ತಲೆ ತಗ್ಗಿಸಿದಳು. ಈಗ ನೋಡುವ ಇವಳ ಐಟಿಐಯನ್ನು.

ರಮ್ಲಾ ಮೂರುಕಾಲಿಗೆ ಕಾಯಲಿಲ್ಲ. ಸ್ಕ್ರೂ ಸಡಿಲಿಸಿದಳು, ಸಂದಿಗೆ ಡೀಸೆಲ್ ಬಿಟ್ಟಳು, ಪುಲ್ಲಿಗೆ ಬಟ್ಟೆ ಸುತ್ತಿ ಕುದಿನೀರು ಹೊಯ್ದಳು. ಪುಲ್ಲಿಯ ಹಿಂದೆ ಎರಡು ಸಣ್ಣ ಹಾರೆ ತೂರಿಸಿ ತಿರುಗಿ ನೋಡಿದಳು. “ಫಾಯಿಝಾ, ಬಾ. ಒಬ್ಬಳಿಂದ ಆಗುವುದಿಲ್ಲ. ನೀನು ಆ ಕಡೆ ಒತ್ತು.”

“ಒಂದೇ ಸಮ ಒತ್ತಿ. ಒಂದು ಕಡೆ ಹೆಚ್ಚಾದ್ರೆ ಶಾಫ್ಟ್ ಬೆಂಡ್,” ಎಂದ ಉಪ್ಪ.

ಸ್ವಲ್ಪ ಹೆಚ್ಚು ಒತ್ತಿದರೆ ಸಾಕು, ರಮ್ಲಾಳ ಹೆಸರು ಅಲ್ಲಿಗೇ ಮುಗಿಯುತ್ತದೆ. ಫಾಯಿಝಾ ಅದನ್ನೇ ಯೋಚಿಸುತ್ತ ಹಾರೆ ಹಿಡಿದಳು. ಆದರೆ ಇಷ್ಟು ವರ್ಷ ಒಂದು ಸುತ್ತು ಬಿಗಿ, ಒಂದು ಸುತ್ತು ಸಡಿಲ ಆಗದಂತೆ ತಂತಿ ಸುತ್ತಿದ ಕೈ ಅವಳ ಮಾತು ಕೇಳಲಿಲ್ಲ. ರಮ್ಲಾ ಎಷ್ಟು ಒತ್ತಿದಳೋ ಅದೂ ಅಷ್ಟೇ ಒತ್ತಿತು. ಟಕ್ಕೆಂದು ಪುಲ್ಲಿ ಕಳಚಿತು.

“ಶಾಭಾಸ್ ರಮ್ಲಾ!”

“ನನ್ನದೆಂತ ಮಾಮ? ಇವಳ ಕೈ ನೋಡಿ. ಕೂದಲೆಳೆಯಷ್ಟು ಆಚೀಚೆ ಆಗಲಿಲ್ಲ.”

ಹೊಗಳಿಕೆ ಮೆಣಸಿನ ಹಾಗೆ ಉರಿಯಿತು. ಒಳ್ಳೆಯತನವೂ ಇವಳ ಪಾಲಿಗೇ ಬೇಕಿತ್ತೇ! ಅಷ್ಟರಲ್ಲಿ ಉಪ್ಪ ಜೇಬಿನಿಂದ ಬೀಗದ ಕೈ ತೆಗೆದಿದ್ದ. ಮಂಜುಕಣ್ಣು ಕಿರಿದು ಮಾಡಿ ಫಾಯಿಝಾಳ ಕಡೆಗೇ ನೋಡುತ್ತಿದ್ದ. ಅವಳು ಕೈ ಒರೆಸಿಕೊಂಡಳು.

“ಇನ್ನು ಬೇರಿಂಗ್. ಅದರ ಹಿಂದೆ ಹಾರೆ ಹೋಗುವುದಿಲ್ಲ, ಮೂರುಕಾಲೇ ಬೇಕು,” ಎಂದಳು ರಮ್ಲಾ.

“ಎಲ್ಲಿ ಇಟ್ಟೆನೋ, ನನ್ನ ಕಣ್ಣೇ ಹಾಳು,” ಎಂದು ಉಪ್ಪ ಬಗ್ಗಿ ನೆಲ ತಡವತೊಡಗಿದ. ಗ್ರೀಸಿನಲ್ಲಿ, ಕಬ್ಬಿಣದ ಚೂರುಗಳ ನಡುವೆ ಅವನ ಬೆರಳುಗಳು ಹುಡುಕುವುದನ್ನು ಫಾಯಿಝಾಳಿಗೆ ನೋಡಲಾಗಲಿಲ್ಲ. ಎದ್ದು ಮೂಲೆಗೆ ಹೋಗಿ ಮೂರುಕಾಲು ತಂದು ಮೇಜಿನ ಮೇಲಿಟ್ಟಳು.

“ಓ, ಮಾರ್ಕೆಟಿನಿಂದ ಬಂತಾ?” ಎಂದು ಬೂಬ ನಕ್ಕ. ಬೇರೆ ಯಾರೂ ನಗಲಿಲ್ಲ.

ಅದರ ಒಂದು ಕಾಲಿಗೆ ತಾಮ್ರದ ಎಳೆ ಸಿಕ್ಕಿಕೊಂಡಿತ್ತು. ರಮ್ಲಾ ಅದನ್ನು ಮೆಲ್ಲಗೆ ಬಿಡಿಸಿ ಮುಷ್ಟಿಯೊಳಗೆ ಸೇರಿಸಿಕೊಂಡಳು. ಆದರೆ ಉಪ್ಪ ಆ ಮೂಲೆಯನ್ನೇ ನೋಡುತ್ತಿದ್ದ. ಕೊನೆಗೆ ಬೀಗದ ಕೈಯನ್ನು ರಮ್ಲಾಳ ಮುಂದೆ ಇಟ್ಟ.

ಫಾಯಿಝಾ ಮೂಲೆಗೆ ಮರಳಿ ತಂತಿಯ ತುದಿ ಹುಡುಕಿದಳು. ಈ ರಮ್ಲಾ ಒಂದು ಮಾತು ಬೈದಿದ್ದರೆ ಸಾಕಿತ್ತು, ಹಾಯಾಗಿ ದ್ವೇಷಿಸಬಹುದಿತ್ತು.