ಗಾಳಿ ಬರುವ ತನಕ

ಬಸವಂತರಾಯ ಗೌಡರ ವಾಡೆಯ ಮುಂದೆ ತಮ್ಮ ಕೇರಿಯವರು ಗಾಡಿಯಿಂದ ಇಳಿದು ನಡೆಯಬೇಕೆಂಬುದು ದಶರಥನಿಗೆ ಹುಟ್ಟಿದಾಗಿನಿಂದ ಗೊತ್ತು. ಆದರೂ ಆ ಮೇ ತಿಂಗಳ ಮಧ್ಯಾಹ್ನ ಅವನು ಇಳಿಯಲಿಲ್ಲ. ತೊಂಬತ್ತಾರನೇ ಇಸವಿ ಬಂದರೂ ಇದೆಂಥ ದರಿದ್ರ ಪದ್ಧತಿ! ಅಫಜಲಪುರದ ಬಿಸಿಲಲ್ಲಿ ಓಡಿಸಿ ನೋಡಲು ತಾನು ಓದುವ ಇಂಜಿನಿಯರಿಂಗ್ ಕಾಲೇಜಿನಿಂದ ತಂದಿದ್ದ ಹೈಡ್ರೋಜನ್ ಟೆಂಪೋದಲ್ಲಿ ಅಪ್ಪ ಅವ್ವನನ್ನು ಕೂರಿಸಿಕೊಂಡು ಠೀವಿಯಿಂದಲೇ ಹೊರಟಿದ್ದ.

ಗೌಡರ ಆಳುಗಳು ಅಡ್ಡ ಬಂದರು.

“ಇಳೀಲೇ ಮಗನ. ಯಾರ ಮನಿ ಮುಂದ ಕುಂತು ಹೊಂಟಿ?” ಎಂದ ಅವರ ಮುಖಂಡ ಹುಲೆಪ್ಪ.

ಉತ್ತರ ಕೇಳುವ ವ್ಯವಧಾನ ಯಾರಿಗಿತ್ತು? ಮೊದಲ ಬಡಿಗೆ ಏಟಿಗೆ ಪೆಡಲಿನ ಮೇಲಿದ್ದ ಕಂಟ್ರೋಲ್ ಡಬ್ಬಿ ಚೂರಾಯಿತು, ಎರಡನೆಯದಕ್ಕೆ ದಶರಥನ ತುಟಿ ಹರಿಯಿತು. ಜಿಗಿದು ಬಂದು ಅಡ್ಡ ನಿಂತ ಅಪ್ಪ ದತ್ತಪ್ಪನ ತಲೆಗೆ ಕೊಡಲಿ ಬಿತ್ತು. ಅವ್ವ ಸಾಬವ್ವ ಗಂಡನನ್ನು ಒಳಗೆ ಎಳೆದುಕೊಂಡಳು, ದಶರಥ ದವಾಖಾನೆಯತ್ತ ಗಾಡಿ ಬಿಟ್ಟ. ಹುಲೆಪ್ಪ ಬೈಕು ಹತ್ತಿ ಬೆನ್ನಟ್ಟಿದ.

ಅದು ಡೀಸೆಲ್ ಗಾಡಿಯಲ್ಲ. ಹೈಡ್ರೋಜನ್ನೂ ಗಾಳಿಯೂ ಕೂಡಿದರೆ ಅದರ ಸೆಲ್ಲಿನಲ್ಲಿ ಕರೆಂಟು ಹುಟ್ಟುತ್ತದೆ. ಪೆಡಲ್ ತುಳಿದೊಡನೆ ಮೋಟರು ಕರೆಂಟು ಎಳೆಯುತ್ತದೆ, ಪಂಪಿನಿಂದ ಗಾಳಿ ಬರುವುದು ಮಾತ್ರ ತುಸು ತಡ. ಅಷ್ಟರೊಳಗೆ ಜಾಸ್ತಿ ಎಳೆದರೆ ಸೆಲ್ಲು ಉಸಿರುಗಟ್ಟಿ ಗಾಡಿ ನಿಂತುಬಿಡುತ್ತದೆ. ಕಂಪ್ಯೂಟರಿನೊಳಗೆ ಅಂಥದೇ ಗಾಡಿ ಕಟ್ಟಿ, ಆ ತಡವನ್ನು ಅಳೆದು, ಕಾಲಿಗೆ ಲಗಾಮು ಹಾಕುವ ಡಬ್ಬಿ ಮಾಡಿದವನು ದಶರಥನೇ. ಡಬ್ಬಿ ಹೋಯಿತು. ಇನ್ನು ಅವನ ಕಾಲೇ ಆ ಕೆಲಸ ಮಾಡಬೇಕು.

“ಜೋರ ಹೊಡಿಯೋ, ನಿಮ್ಮಪ್ಪ ಸಾಯಾಕತ್ತಾನ,” ಹಿಂದಿನಿಂದ ಅವ್ವ ಕೂಗಿದಳು.

ವೋಲ್ಟಿನ ಮುಳ್ಳಿನ ಮೇಲೆ ಕಣ್ಣಿಟ್ಟು ಅವನು ಹೆಬ್ಬೆರಳಿನಿಂದಷ್ಟೇ ಒತ್ತಿದ. ಮುಳ್ಳು ಕುಸಿಯಿತು, ಬಿಟ್ಟ. ಪಂಪಿನ ಸದ್ದು ಏರಿತು, ಮತ್ತಷ್ಟು ಒತ್ತಿದ. ಬೈಕು ಪಕ್ಕಕ್ಕೇ ಬಂತು. ಹುಲೆಪ್ಪನ ಬಡಿಗೆ ದಶರಥನ ಮೊಣಕೈಗೆ ಬಿದ್ದು ಎಲುಬು ಲಟಕ್ಕೆಂದಿತು. ಪೂರಾ ತುಳಿದುಬಿಡಲು ಜೀವ ಹಾತೊರೆಯಿತು. ತುಳಿಯಲಿಲ್ಲ, ಸ್ಟಿಯರಿಂಗ್ ತಿರುವಿ ಗುದ್ದಿದ. ಬೈಕು ಹಳ್ಳಕ್ಕೆ ಉರುಳಿತು. ಹುಲೆಪ್ಪ ಚೀರಿದ್ದು ಕೇಳಿ ಅವನಿಗೆ ಸಂತೋಷವೇ ಆಯಿತು, ಸುಳ್ಳೇಕೆ?

ದತ್ತಪ್ಪ ಉಳಿದ. ಗಂಡನ ತಲೆಗೆ ಹೊಲಿಗೆ ಹಾಕಿಸಿ ಹೊರಬಂದ ಸಾಬವ್ವ ಮಗನ ಕೆನ್ನೆಗೆ ಫಟಾರನೆ ಬಾರಿಸಿದಳು.

“ಅವ್ವಾ, ಗಾಳಿ ಬರೂತನಕ…”

“ಸುಮ್ಕಿರು. ಗೌಡರ ಮಂದಿಗಿ ಅಂಜಿ ಮೆಲ್ಲಕ ಹೊಡದಿ. ನಾ ನೋಡಿಲ್ಲೇನು?”

ಕೈ ಮುರಿದಾಗಲೂ ಅಳದವನು ದವಾಖಾನೆಯ ಕಟ್ಟೆಯ ಮೇಲೆ ಕುಸಿದು ಬಿಕ್ಕಿಬಿಕ್ಕಿ ಅತ್ತ.