ಗಿರಿಜಾಂಬಿಕಾ ಅವರ ಅಟ್ಟ

ಗಿರಿಜಾಂಬಿಕಾ ಅವರು ಯಾರ ಮಾತನ್ನೂ ಮುಖ ಕೊಟ್ಟು ಕೇಳಿದವರಲ್ಲ. ಎಡಗಿವಿ ಮಂದವಾದ್ದರಿಂದ ತಲೆಯನ್ನು ಓರೆ ಮಾಡಿ, ಬಲಗಿವಿಯನ್ನು ಎದುರಿನವರ ಬಾಯಿಗೆ ಒಡ್ಡಿ, ಕಣ್ಣು ಮುಚ್ಚಿಬಿಡುತ್ತಾರೆ. ಅಟ್ಟದ ಮೇಲೆ ವರ್ಷವಿಡೀ ಒಣಗಿದ ತೆಂಗಿನಕಾಯಿಯನ್ನು ಅಲ್ಲಾಡಿಸಿ, ಕೊಬ್ಬರಿ ಕರಟ ಬಿಟ್ಟು ಒಳಗೇ ಉಂಡೆಯಾಗಿ ಉರುಳುತ್ತಿದೆಯೇ ಎಂದು ಆಲಿಸುವುದೂ ಇದೇ ಭಂಗಿಯಲ್ಲಿ. ತಿಪಟೂರಿಗೂ ತುರುವೇಕೆರೆಗೂ ನಡುವಿನ ನಮ್ಮೂರಿನಲ್ಲಿ ಅವರೆದುರು ಸುಳ್ಳು ಹೇಳುವ ಧೈರ್ಯ ಯಾರಿಗೂ ಇಲ್ಲ. ಆ ಮುಚ್ಚಿದ ಕಣ್ಣೇ ಅದಕ್ಕೆ ಕಾರಣವೆಂದು ನನ್ನ ಅನುಮಾನ.

ವಯಸ್ಸು ಅರವತ್ತೆಂಟು. ಹಣೆತುಂಬ ವಿಭೂತಿ, ಸೀರೆಯ ಮೇಲೆ ತೀರಿಕೊಂಡ ಯಜಮಾನರ ಕರಿ ಕೋಟು. ಸುಡು ಬೇಸಿಗೆಯಲ್ಲೂ ಅದು ಮೈಬಿಟ್ಟು ಇಳಿಯದು. ಕೇಳಿದರೆ, "ಸೀರೇಲಿ ಜೇಬಿಲ್ಲ ಕಣ್ರೀ ಮೇಷ್ಟ್ರೇ" ಎನ್ನುತ್ತಾರೆ. ಜೇಬಿನಲ್ಲಿರುವುದು ಅಟ್ಟದ ಬೀಗದ ಕೈ. ಮಂಡಿನೋವಿನಿಂದಾಗಿ ಒಂದು ಹೆಜ್ಜೆಯಿಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೆ ತಂದು, ಸಪಾಟು ನೆಲದ ಮೇಲೂ ಏಣಿ ಹತ್ತುವವರ ಹಾಗೆ ನಡೆಯುತ್ತಾರೆ. ಇಷ್ಟರ ಮೇಲೆ ಅವರದೊಂದು ಹಟ: ಕಾಯಿಯನ್ನು ಅಟ್ಟಕ್ಕೆ ಏರಿಸಿದ ಕೈಯೇ ಇಳಿಸಬೇಕು. ಊರವರು ನಗುತ್ತಾರೆ, ಅವರು ಲೆಕ್ಕಕ್ಕಿಡುವುದಿಲ್ಲ.

ಮೂರು ವರ್ಷದಿಂದ ಆ ಕೈ ತವಮಣಿಯದಾಗಿತ್ತು. ಮೂವತ್ತೈದರ ಆಸುಪಾಸಿನ, ಮಾತು ಕಡಿಮೆಯ ತಮಿಳು ಹೆಂಗಸು. ಅವಳು ಮಚ್ಚಿನ ಬೆನ್ನಿನಿಂದ ಕರಟಕ್ಕೆ ತಟ್ಟಿದರೆ ಉಂಡೆ ಕೊಬ್ಬರಿ ಒಂದು ಗೀರೂ ಇಲ್ಲದೆ ಈಚೆ ಬರುತ್ತಿತ್ತು. ತಿಂಗಳಿಗೊಮ್ಮೆ ಎರಡು ದಿನ ರಜೆ ಹಾಕಿ ಹೋಗುತ್ತಿದ್ದಳು. ತವರಿಗೆ ಹೋಗುತ್ತಾಳೆಂದು ನಾವೆಲ್ಲ ತಿಳಿದಿದ್ದೆವು.

ಕಳೆದ ವರ್ಷ, ಹೊರಗಿನಿಂದ ಬಂದ ಕೂಲಿಯವರೆಲ್ಲ ಗುರುತಿನ ಚೀಟಿ ತೋರಿಸಬೇಕೆಂದು ಠಾಣೆಯಿಂದ ಹೇಳಿಕಳಿಸಿದರು. ಆಗ ತವಮಣಿ ತಾನಾಗಿಯೇ ಬಂದು ಆ ಬಲಗಿವಿಯ ಪಕ್ಕ ಕೂತಳು. ಅವಳ ಅಪ್ಪ ಅಮ್ಮ ಲಂಕೆಯ ಯುದ್ಧಕ್ಕೆ ಹೆದರಿ ದೋಣಿ ಹತ್ತಿ ಬಂದವರು. ಅವಳು ಹುಟ್ಟಿದ್ದು ತಮಿಳುನಾಡಿನ ನಿರಾಶ್ರಿತರ ಶಿಬಿರದಲ್ಲಿ. ತಿಂಗಳ ರಜೆ ಅಲ್ಲಿಯ ಹಾಜರಿಗೆ. ಶಿಬಿರದ ಚೀಟಿಯೊಂದನ್ನು ಬಿಟ್ಟರೆ ಅವಳ ಹತ್ತಿರ ಬೇರೆ ಕಾಗದವಿರಲಿಲ್ಲ. ಅಪ್ಪಣೆಯಿಲ್ಲದೆ ಇಲ್ಲಿ ಬಂದು ದುಡಿಯುವ ಹಕ್ಕೂ ಇರಲಿಲ್ಲ. "ಎನಕ್ಕು ಊರೇ ಇಲ್ಲ ಅಮ್ಮ" ಎಂದಳಂತೆ.

ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಗಿರಿಜಾಂಬಿಕಾ ಅವರ ತಮ್ಮ ರೇಣುಕಪ್ರಸಾದ್ ಸುದ್ದಿ ಕೇಳಿ ಓಡಿಬಂದ. "ಅಕ್ಕ, ಇವತ್ತೇ ಬಸ್ ಹತ್ತುಸ್ಬುಡು, ಅವಳು ಯಾರೋ ಗೊತ್ತೇ ಇಲ್ಲ ಅಂದ್ರಾಯ್ತು. ಇಲ್ಲಾಂದ್ರೆ ಯಾರ ಕೈಲಾದ್ರೂ ಒಂದು ಆಧಾರ್ ಮಾಡಿಸ್ಬುಡಾನ."

"ಮುಂಬಾಗ್ಲಲ್ಲಿ ಬಂದೋಳ್ನ ಹಿತ್ತಿಲ ಬಾಗ್ಲಲ್ಲಿ ಅಟ್ಲಾ? ಕಳ್ಳ ಕಾಗ್ದ ಕೊಟ್ಟು ಕಳ್ಳಿ ಮಾಡ್ಲಾ? ಎರಡೂ ಆಗಕಿಲ್ಲ ಕಣಪ್ಪ" ಎಂದು ಅಕ್ಕ ಎದ್ದುಬಿಟ್ಟರು.

ಇದ್ದದ್ದನ್ನು ಇದ್ದ ಹಾಗೇ ಠಾಣೆಗೆ ತಿಳಿಸಬೇಕೆಂದರು; ಆ ಅರ್ಜಿ ಬರೆದವನು ನಾನು. ಗಿರಿಜಾಂಬಿಕಾ ಅವರಿಗೆ ತೊಂದರೆಯಾಗದಿರಲೆಂದು ಜಾಣತನ ಮಾಡಿ, 'ಸದರಿ ಮಹಿಳೆಯು ತನ್ನ ಹಿನ್ನೆಲೆಯನ್ನು ಮರೆಮಾಚಿದ್ದರಿಂದ' ಎಂದೊಂದು ಸಾಲು ಸೇರಿಸಿದೆ. ನಾನು ಓದಿ ಹೇಳುತ್ತಿದ್ದಂತೆ ಅವರು ಕಣ್ಣು ತೆರೆದರು. "ಅವಳು ಮುಚ್ಚಿಟ್ಲು ಅಂತ ಯಾರಂದ್ರು? ನಾನು ಕೇಳ್ಲಿಲ್ಲ. ಹಂಗೇ ಬರೀರಿ." ಮೂವತ್ತು ವರ್ಷ ಮಕ್ಕಳಿಗೆ ನಿಜ ಹೇಳಬೇಕೆಂದು ಪಾಠ ಮಾಡಿದವನಿಗೆ ಅಂದು ನಿಜವಾಗಿಯೂ ನಾಚಿಕೆಯಾಯಿತು. ಹಾಳೆ ಹರಿದು ಮತ್ತೆ ಬರೆದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ, ಊರೆಲ್ಲ ನೋಡುತ್ತಿದ್ದಂತೆ, ನಾವು ಮೂವರೂ ತಿಪಟೂರಿನ ಬಸ್ಸು ಹತ್ತಿದೆವು. ಠಾಣೆಯಲ್ಲಿ ಅರ್ಜಿ ಓದಿದ ಅಧಿಕಾರಿ ಕೆಟ್ಟವರಲ್ಲ. "ಅಮ್ಮಾ, ಇದು ನಿಮ್ಮ ಮೇಲೆ ನೀವೇ ಕೊಟ್ಕೊಂಡ ದೂರಾಗುತ್ತೆ. ಗೊತ್ತಿರಲಿಲ್ಲ, ಮೋಸ ಹೋದೆ ಅಂತ ಬರೆದುಕೊಡಿ, ನಿಮ್ಮನ್ನ ಬಿಟ್ಬಿಡ್ತೀವಿ."

"ಅವಳ್ನ?"

ಅಧಿಕಾರಿ ಮೇಜಿನ ಮೇಲಿನ ಕಾಗದ ನೋಡಿದರು.

"ಹಂಗಾದ್ರೆ ನನ್ನೂ ಬರ್ಕಳಿ. ಅವಳು ಕೆಲ್ಸ ಮಾಡಿದ್ದು ತಪ್ಪು ಅನ್ನಾದಾದ್ರೆ, ಮಾಡಿಸ್ದೋಳ್ದು ಅದ್ಕಿಂತ ದೊಡ್ಡ ತಪ್ಪು."

ಬರೆದುಕೊಂಡರು. ತವಮಣಿಯನ್ನು ಶಿಬಿರಕ್ಕೆ ಕಳಿಸಿದರು, ಇವರ ಮೇಲೆ ಕೇಸಾಯಿತು. ಅವಳಿಗೆ ಇಲ್ಲಿ ದುಡಿಯಲು ಅಪ್ಪಣೆ ಕೊಡಬೇಕೆಂದು ಇವರು ಹಾಕಿದ ಇನ್ನೊಂದು ಅರ್ಜಿಯ ಮೊಹರು ಬಿದ್ದ ಪ್ರತಿ ಬೀಗದ ಕೈಯ ಜೊತೆ ಕೋಟಿನ ಜೇಬು ಸೇರಿತು. ಉತ್ತರ ಇನ್ನೂ ಬಂದಿಲ್ಲ.

ಅಟ್ಟದ ತುಂಬ ಅವಳೇ ಜೋಡಿಸಿಹೋದ ಕಾಯಿ. ಅವು ಒಣಗಿ ಇಳಿಸುವ ಹದ ಬಂದು ತಿಂಗಳು ಎರಡಾಯಿತು. ಬೇರೆ ಆಳು ಕರೆಯೆಂದು, ಕಾಯಿ ಕೆಡುತ್ತವೆಂದು ತಮ್ಮ ವಾರವಾರ ಬಂದು ಗೋಗರೆಯುತ್ತಾನೆ. "ಕೆಡ್ಲಿ ಬುಡು. ಏರಿಸಿದ ಕೈ ಇನ್ನೂ ಬದುಕೈತೆ" ಎಂದು ಅಕ್ಕ ಕಣ್ಣು ಮುಚ್ಚುತ್ತಾರೆ.

ಮೊನ್ನೆ ಹೋಗಿದ್ದೆ. ಕೋರ್ಟಿನ ದಿನ ಹತ್ತಿರವಾದ್ದರಿಂದ ಕೋಟು ಒಗೆದು ಒಣಹಾಕಿದ್ದರು. ಅದಿಲ್ಲದೆ ಅವರನ್ನು ನೋಡಿದ್ದು ಅದೇ ಮೊದಲು, ಇಷ್ಟು ಸಣ್ಣ ದೇಹವೇ ಎನ್ನಿಸಿತು. ಏಣಿ ಹತ್ತಿ ಒಂದು ಕಾಯಿ ತಂದು ನನ್ನ ಕಿವಿಯ ಬಳಿ ಅಲ್ಲಾಡಿಸಿದರು. ಉಂಡೆ ಗಟ್ಟಿಯಾಗಿ ಉರುಳಿತು. "ಇನ್ನೂ ಕೆಟ್ಟಿಲ್ಲ" ಎಂದು, ಮತ್ತೆ ಏಣಿ ಹತ್ತಿ, ತೆಗೆದ ಜಾಗದಲ್ಲೇ ಅದನ್ನಿಟ್ಟು ಬೀಗ ಹಾಕಿದರು.

ಕಾನೂನು ಮುರಿದು ನುಣುಚಿಕೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ. ಕಾನೂನಿಗೆ ಹೆದರಿಯೇ ಸಜ್ಜನರೆನಿಸಿಕೊಂಡ ನನ್ನಂಥವರು ಅವರಿಗಿಂತ ಹೆಚ್ಚು. ಗಿರಿಜಾಂಬಿಕಾ ಅವರಂಥವರು ಈ ಎರಡು ಗುಂಪಿಗೂ ಸೇರರು. ತಮ್ಮ ತಪ್ಪನ್ನು ತಮ್ಮ ಹೆಸರಿನಲ್ಲಿಯೇ ಬರೆಸಿ, ಅದಕ್ಕಾಗುವ ಶಿಕ್ಷೆಯನ್ನೂ ಹೊತ್ತು ನಿಲ್ಲುತ್ತಾರೆ. ಆದರೆ ಆ ತಪ್ಪಿನಿಂದ ಪಾರಾಗಲು ಇನ್ನೊಬ್ಬರನ್ನು ಒಪ್ಪಿಸು ಎಂದರೆ, ಹೇಳಿದವರು ಯಾರೇ ಆಗಿರಲಿ, ಎಡಗಿವಿಯನ್ನು ಅತ್ತ ತಿರುಗಿಸುತ್ತಾರೆ.