ಮೆಲೆಸಿಯೊಗೆ ಬಂಧನಯೋಗವಿಲ್ಲ

ತನ್ನನ್ನು ಯಾರೂ ಜೈಲಿಗೆ ಹಾಕುತ್ತಿಲ್ಲವಲ್ಲ ಎಂಬುದೇ ಕವಿ ಮೆಲೆಸಿಯೊನ ದೊಡ್ಡ ಕೊರಗು. ಸ್ವಾತಂತ್ರ್ಯದ ಮಾತೆತ್ತಿದವರನ್ನು ಒಳಗೆ ತಳ್ಳುವ ಕಾನೂನನ್ನು ನಾಡನ್ನಾಳುತ್ತಿದ್ದ ಅಮೆರಿಕದವರು ತಂದು ಆರು ವರ್ಷವಾಗಿತ್ತು. ನಾಟಕ ಬರೆದ ಕ್ಷೌರಿಕ ಹೋಗಿ ಬಂದ. ಅಚ್ಚುಮೊಳೆ ಜೋಡಿಸುವವನೂ ಹೋಗಿ ಬಂದ. ಬುಲಾಕಾನ್ ಪ್ರಾಂತ್ಯದ ಆ ಪುಟ್ಟ ಊರಿನ ಮದುವೆಗಳಲ್ಲಿ ಇಂಥವರಿಗೇ ಮೊದಲು, ಸುಟ್ಟ ಹಂದಿಯ ಗರಿಗರಿ ಚರ್ಮ ಬಡಿಸುತ್ತಿದ್ದರು. ಹನ್ನೊಂದು ದೇಶಭಕ್ತಿಯ ಪದ್ಯ ಹೊಸೆದ ಮೆಲೆಸಿಯೊನ ಎಲೆಗೆ ಬರುತ್ತಿದ್ದದ್ದು ಬರೀ ಮೂಳೆ.

ಇದಕ್ಕೆಲ್ಲ ಕಾರಣ ಊರಿನ ಠಾಣೆಯ ಸಾರ್ಜೆಂಟ್ ಗವಿನೊ. ಮೆಲೆಸಿಯೊನ ಮಗಳ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು ಅವನು. ಅಂದಿನಿಂದ ಇಬ್ಬರೂ ಕುಂಪಾರೆಗಳು, ಕರೆಯುವಾಗ ಬರೀ 'ಪಾರೆ'. ಒಡಹುಟ್ಟಿದವರು ತಲೆ ಒಡೆದುಕೊಂಡರೂ ಊರು ಕ್ಷಮಿಸೀತು. ಕುಂಪಾರೆಗೆ ಬೇಡಿ ತೊಡಿಸಿದವನಿಗೆ ಅಲ್ಲಿ ಕುಡಿಯಲು ನೀರೂ ಹುಟ್ಟುವುದಿಲ್ಲ. ಅಮೆರಿಕದ ಕ್ಯಾಪ್ಟನ್‌ಗೆ ತಗಾಲೋಗ್ ಭಾಷೆ ಬಾರದು. ಪದ್ಯ ಅಚ್ಚಾದಾಗಲೆಲ್ಲ ಸಾರ್ಜೆಂಟನ ಅಭಿಪ್ರಾಯ ಕೇಳುತ್ತಿದ್ದ. ಗವಿನೊ, 'ಬಾಳೆತೋಟದ ವರ್ಣನೆ, ಅಪಾಯವಿಲ್ಲ' ಎಂದು ಬರೆದುಕೊಡುತ್ತಿದ್ದ. ಒಮ್ಮೆಯಂತೂ, 'ಇವನ ಪದ್ಯವನ್ನು ಯಾರೂ ಕೊನೆಯವರೆಗೆ ಕೇಳುವುದಿಲ್ಲ' ಎಂದೇ ಬರೆದ. ಅದು ಕಿವಿಗೆ ಬಿದ್ದಾಗ ಮೆಲೆಸಿಯೊ ಹದಿನೈದು ದಿನ ಅವನೊಡನೆ ಮಾತು ಬಿಟ್ಟಿದ್ದ.

ಹನ್ನೆರಡನೆಯ ಪದ್ಯವನ್ನು ಮೆಲೆಸಿಯೊ ಬರೆದದ್ದು ಗವಿನೊನ ತಾಯಿಯನ್ನು ನೋಡಿ. ಅಮೆರಿಕದವರ ವಿರುದ್ಧ ಕಾದಾಡಲು ಹೋದ ಅವಳ ಕಿರಿಮಗ ಮರಳಲಿಲ್ಲ. ಮುದುಕಿ ಈಗಲೂ ಊಟದ ಹೊತ್ತಿಗೆ ಅವನ ತಟ್ಟೆ ಇಡುತ್ತಾಳೆ. ಈ ಸಲ ಕ್ಯಾಪ್ಟನ್ ಸಾರ್ಜೆಂಟನಿಗೆ, ಗಟ್ಟಿಯಾಗಿ ಓದು, ಕೇಳೋಣ ಎಂದ. ಮೂರನೆಯ ನುಡಿಗೆ ಬರುವಷ್ಟರಲ್ಲಿ ಸಾರ್ಜೆಂಟನ ಕಣ್ಣೀರು ಮೀಸೆಗಿಳಿಯಿತು. ಭಾಷೆ ಬಾರದ ಕ್ಯಾಪ್ಟನ್‌ಗೆ ಕಣ್ಣೀರು ಅರ್ಥವಾಯಿತು. ಸಾರ್ಜೆಂಟನನ್ನೇ ಲಾಕಪ್ಪಿಗೆ ಹಾಕಿಸಿದ.

ಸುದ್ದಿ ಕೇಳಿ ಮೆಲೆಸಿಯೊಗೆ ಮೊದಲು ಹೊಟ್ಟೆಕಿಚ್ಚಾಯಿತು, ಆಮೇಲೆ ನಾಚಿಕೆಯಾಯಿತು. ಹೆಂಡತಿ ಬಸಿಲ್ಯಾ ಬಾಳೆಲೆಯಲ್ಲಿ ಅನ್ನ, ಒಣಮೀನು ಕಟ್ಟಿ ಕೈಗಿತ್ತಳು.

"ಬರೆದೋರು ನೀವು, ಒಳಗೆ ಕೂತಿರೋದು ಅವ್ರು. ಊಟನಾದ್ರೂ ಬಿಸಿ ಆರೋದ್ರೊಳಗೆ ಮುಟ್ಸಿ."

ಬರೆದವನು ನಾನು, ನನ್ನನ್ನು ಹಿಡಿಯಿರಿ ಎಂದು ಠಾಣೆಯಲ್ಲಿ ಮೆಲೆಸಿಯೊ ಎದೆಯುಬ್ಬಿಸಿ ಹೇಳಿದ. ಗುಮಾಸ್ತ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಸರಿ, ನೀನೇ ಓದು, ನನ್ನ ಸಾರ್ಜೆಂಟನನ್ನು ಅಳಿಸಿದ್ದು ಏನೆಂದು ನೋಡೋಣ ಎಂದ ಕ್ಯಾಪ್ಟನ್. ಗುಮಾಸ್ತ ಮೆಲೆಸಿಯೊನ ಕಿವಿಯಲ್ಲಿ ಪಿಸುಗುಟ್ಟಿದ.

"ಪದ್ಯದಲ್ಲಿ ಕಿಡಿ ಇದೆ ಅಂತ ದೊರೆಗೆ ಅನ್ನಿಸ್ತೋ, ನಿಮಗೆ ಒಂದು ವರ್ಷ. ಸರ್ಕಾರದ ಉಡುಪು ಹಾಕ್ಕೊಂಡು ಅತ್ತೋನಿಗೆ ಹತ್ತು ವರ್ಷ. ನೋಡ್ಕೊಂಡು ಓದಿ."

ಕಿಟಕಿಯಾಚೆ ಅರ್ಧ ಊರೇ ನೆರೆದಿತ್ತು. ಮೂರು ವರ್ಷದಿಂದ ಮೆಲೆಸಿಯೊ ಕನಸು ಕಂಡದ್ದು ಇದೇ ಗಳಿಗೆಗಾಗಿ. ಕಂಬಿಯ ಹಿಂದೆ ಗವಿನೊ ತಲೆ ತಗ್ಗಿಸಿ ಕೂತಿದ್ದ. ಮೆಲೆಸಿಯೊ ಕಾಗದ ಬಿಡಿಸಿ, ತನ್ನ ಜೀವಮಾನದ ಅತ್ಯುತ್ತಮ ಪದ್ಯವನ್ನು ಅಗಸನ ಬಟ್ಟೆಪಟ್ಟಿ ಓದಿದ ಹಾಗೆ ಓದಿದ. ದನಿ ಏರಬೇಕಾದಲ್ಲಿ ನುಂಗಿಕೊಂಡ. ತಾಯಿ ಬಂದಲ್ಲಿ ಕೆಮ್ಮಿದ. ತಟ್ಟೆ ಬಂದಲ್ಲಿ ಮೂಗು ಕೆರೆದುಕೊಂಡ.

ಮೂರನೆಯ ನುಡಿಗೆ ಕ್ಯಾಪ್ಟನ್ ಆಕಳಿಸಿದ, ಐದನೆಯದಕ್ಕೆ ಗಡಿಯಾರ ತೆಗೆದ. ಇಷ್ಟೇನಾ ಎಂದು ಕೇಳಿ, ಸಾರ್ಜೆಂಟನ ಕಣ್ಣು ಡಾಕ್ಟರಿಗೆ ತೋರಿಸಿ ಎಂದು ಅಪ್ಪಣೆ ಮಾಡಿ ಇಬ್ಬರನ್ನೂ ಹೊರಗೆ ಕಳಿಸಿದ. ಕಿಟಕಿಯ ಬಳಿಯ ಹೆಂಗಸೊಬ್ಬಳು, ಪಾಪ, ಇವನನ್ನು ಯಾಕೆ ಹಿಡಿಯೋದಿಲ್ಲ ಅಂತ ಈಗ ಗೊತ್ತಾಯ್ತು ಎಂದಳು. ಮೆಲೆಸಿಯೊ ಕೇಳಿಸದವನಂತೆ ನಡೆದ.

ಗವಿನೊ ಮುಂದೆ ಮುಂದೆ ದಾಪುಗಾಲು ಹಾಕಿದ. ಹೊಳೆಯ ಬಳಿಯ ಬಿದಿರುಮೆಳೆ ದಾಟಿದ್ದೇ ಗಕ್ಕನೆ ತಿರುಗಿದ. ಮುಖ ಕೆಂಡವಾಗಿತ್ತು.

"ಪಾರೆ, ನಮ್ಮವ್ವನ ಪದ್ಯ ಕಣೋ ಅದು. ಹಾಗಾ ಓದೋದು?"

ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿ, ಕಾಗದವಿಲ್ಲದೆ, ಒಂದಕ್ಷರ ತಪ್ಪದೆ, ಮೊದಲಿನಿಂದ ಕೊನೆಯವರೆಗೆ ಹೇಳಿದ. ಮೆಲೆಸಿಯೊ ಊಟದ ಗಂಟನ್ನು ಮಡಿಲಲ್ಲಿಟ್ಟುಕೊಂಡು ದಂಡೆಯ ಮೇಲೆ ಕುಸಿದ. ಇದನ್ನು ತಾನೇ ಬರೆದೆನೇ ಎಂದು ಅವನಿಗೆ ನಂಬಿಕೆಯೇ ಬರಲಿಲ್ಲ. ಬಿಕ್ಕಿ ಅತ್ತು ಮುಗಿದ ಮೇಲೆ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಇನ್ನೊಂದು ಸಲ ಹೇಳು ಪಾರೆ ಎಂದ.